ನಿವಾಸಿ ಅಂದರೆ ಯಾರು ಸ್ವಾಮಿ?

ನಗರದ ಹಳೆಯ ಬಡಾವಣೆಗಳನ್ನು ಅಲ್ಲಿನ ನಿವಾಸಿಗಳೇ ಮುಂದೆ ನಿಂತು ಸರಿಪಡಿಸಿಕೊಳ್ಳಬೇಕು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಸರ್ಕಾರದ ಯೋಜನಾ ವರದಿಗಳಲ್ಲಿದೆ, ಆರ್ಕಿಟೆಕ್ಚರ್ ಕಾಲೇಜುಗಳ ಸೆಮಿನಾರುಗಳಲ್ಲಿದೆ, ಭಾನುವಾರ ಬೆಳಿಗ್ಗೆ ಗ್ಲೌಸು ಹಾಕಿಕೊಂಡು ಬೀದಿ ಗೋಡೆಗೆ ಬಣ್ಣ ಬಳಿಯುವ ಗುಂಪುಗಳಲ್ಲೂ ಇದೆ. ಇಷ್ಟು ಹಿತವಾದ ಮಾತನ್ನು ವಿರೋಧಿಸುವವರು ಯಾರು? ನಾನೂ ವಿರೋಧಿಸುತ್ತಿಲ್ಲ. ಆದರೆ ಆ ಮಾತಿನೊಳಗಿನ ಒಂದು ಪದವನ್ನು ಮಾತ್ರ ಯಾರೂ ಬಿಡಿಸಿ ಹೇಳುತ್ತಿಲ್ಲ ಎಂಬುದು ನನ್ನ ತಕರಾರು. ಅದು 'ನಿವಾಸಿ' ಎಂಬ ಪದ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕೇರಿಯ ಜನಕ್ಕೆ ಅಲ್ಲೇ ಉಳಿಯುವ ಹಕ್ಕು ಖಾತ್ರಿಯಾಗದೆ, ಆ ಕೇರಿಯನ್ನು ಚೆಂದ ಮಾಡಲು ಅವರನ್ನು ಕರೆಯುವುದು ಮೋಸ. ಬೀದಿ ಚೆಂದವಾದಷ್ಟೂ ಬಾಡಿಗೆ ಏರುತ್ತದೆ. ಬಾಡಿಗೆ ಏರಿದಾಗ ಮೊದಲು ಗಂಟು ಮೂಟೆ ಕಟ್ಟುವವರು ಆ ಬೀದಿ ಗುಡಿಸಿದವರು, ಗಿಡಕ್ಕೆ ನೀರು ಹಾಕಿದವರು, ಮೂಲೆಯಲ್ಲಿ ಇಡ್ಲಿ ಮಾರಿದವರು. ಅವರ ಪಾಲಿಗೆ ಈ 'ಸಹಭಾಗಿತ್ವ' ತಮ್ಮನ್ನು ಒಕ್ಕಲೆಬ್ಬಿಸುವ ಕೆಲಸಕ್ಕೆ ತಾವೇ ಬಿಟ್ಟಿ ದುಡಿದಂತೆ. ಮೊದಲು ಉಳಿಯುವ ಹಕ್ಕು ಬರಲಿ, ಬಣ್ಣ ಆಮೇಲೆ ಬಳಿಯೋಣ.

ಕನ್ನಡ ಗದ್ಯದಲ್ಲಿ ನಗರ ಹೇಗೆ ಬಂದಿದೆ ಎಂಬುದರ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ಆ ನೆಪದಲ್ಲಿ ಬೆಂಗಳೂರಿನ ಹಳೆಯ ಭಾಗಗಳಲ್ಲಿ ನಡೆಯುವ ನಾಗರಿಕ ಸಭೆಗಳಿಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಅಂಥ ಒಂದು ಸಭೆಯಲ್ಲಿ ರಸ್ತೆಯ ಹೊಸ ನಕ್ಷೆ ತೋರಿಸುತ್ತಿದ್ದರು. ಅಗಲವಾದ ಪಾದಚಾರಿ ಮಾರ್ಗ, ಕಲ್ಲಿನ ಬೆಂಚು, ಮರದ ಸುತ್ತ ಕಟ್ಟೆ. ಆ ಮರದಡಿ ವರ್ಷಾನುಗಟ್ಟಲೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬರು ಎದ್ದು, "ನನ್ನ ಗಾಡಿ ಎಲ್ಲಿ ಬರುತ್ತೆ ಸಾರ್ ಇದರಲ್ಲಿ?" ಎಂದು ಕೇಳಿದರು. ವೇದಿಕೆಯ ಮೇಲಿದ್ದವರು ಸಿಟ್ಟಾಗಲಿಲ್ಲ. ಬಹಳ ಮೃದುವಾಗಿಯೇ, "ಅಮ್ಮಾ, ಅದನ್ನ ಆಮೇಲೆ ಮಾತಾಡೋಣ, ಇದು ನಿವಾಸಿಗಳ ಸಭೆ" ಅಂದರು. "ನಾವೂ ಇಲ್ಲೇ ಅಲ್ವಾ ಸಾರ್ ಇರೋದು?" ಎಂದು ಆಕೆ ಕೇಳಿದ್ದು ಮುಂದಿನ ಸ್ಲೈಡು ಬರುವ ಹೊತ್ತಿಗೆ ಮುಳುಗಿಹೋಯಿತು. ಆ ಸಭೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ನಿವಾಸಿ ಎಂದರೆ ಯಾರು ಎಂಬ ತೀರ್ಮಾನ ಸಭೆ ಸೇರುವ ಮೊದಲೇ ಆಗಿತ್ತು, ಅಷ್ಟೆ.

ನಮ್ಮ ನಗರಗಳ ಅನೇಕ ನಿವಾಸಿ ಕ್ಷೇಮಾಭಿವೃದ್ಧಿ ಸಂಘಗಳಲ್ಲಿ ಪೂರ್ಣ ಸದಸ್ಯತ್ವ, ಮತ ಹಾಕುವ ಹಕ್ಕು, ಪದಾಧಿಕಾರಿಯಾಗುವ ಅವಕಾಶ ಇರುವುದು ಮನೆಯ ಮಾಲೀಕರಿಗೆ. ಅಮೆರಿಕದಲ್ಲಿ ನೆಲೆಸಿ ಎರಡು ವರ್ಷಕ್ಕೊಮ್ಮೆ ಬಂದುಹೋಗುವ ಮಾಲೀಕ ಅಲ್ಲಿ ನಿವಾಸಿ. ಅದೇ ಮನೆಯಲ್ಲಿ ಹನ್ನೆರಡು ವರ್ಷದಿಂದ ಬಾಡಿಗೆಗಿದ್ದು, ಮಕ್ಕಳನ್ನು ಪಕ್ಕದ ಶಾಲೆಗೆ ಕಳಿಸಿ, ಅದೇ ನಲ್ಲಿಯ ನೀರಿಗೆ ಕಾದವರು ನಿವಾಸಿಗಳಲ್ಲ.

ನಮ್ಮ ಪ್ರಜಾಪ್ರಭುತ್ವದ ಕಾನೂನು ಹೇಳುವುದು ಇದಕ್ಕೆ ಸರಿಯಾಗಿ ತಿರುವುಮುರುವು. 1950ರ ಜನಪ್ರಾತಿನಿಧ್ಯ ಕಾಯಿದೆಯ 20ನೇ ಕಲಮು 'ಸಾಮಾನ್ಯ ನಿವಾಸಿ' ಎಂದರೆ ಯಾರು ಎಂಬುದನ್ನು ವಿವರಿಸುತ್ತದೆ. ಒಂದು ಕ್ಷೇತ್ರದಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ನಿವಾಸಿ ಎಂದು ಪರಿಗಣಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮತದಾರರ ಪಟ್ಟಿಗೆ ಬೇಕಾದದ್ದು ವಾಸ, ಖಾತೆ ಪತ್ರ ಅಲ್ಲ. ಶಾಸಕರನ್ನು, ಪ್ರಧಾನಿಯಾಗುವವರನ್ನು ಆರಿಸಲು ಸಾಕಾಗುವ ವಾಸ, ಬೀದಿಯ ಮೂಲೆಯಲ್ಲಿ ಬೆಂಚು ಎಲ್ಲಿ ಬರಬೇಕು ಎಂದು ಹೇಳಲು ಸಾಕಾಗುವುದಿಲ್ಲವೇ?

ಸರ್ಕಾರವೂ ಈ ಗೊಂದಲವನ್ನು ತನ್ನ ಕಾನೂನಿನೊಳಗೇ ಇಟ್ಟುಕೊಂಡಿದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದಿತು. ಕರ್ನಾಟಕದ ಪೌರ ನಿಗಮಗಳ ಕಾಯಿದೆ ಆ ಸಮಿತಿಯ ಹತ್ತು ನಾಮಕರಣ ಸದಸ್ಯರಲ್ಲಿ ಪರಿಶಿಷ್ಟರಿಗೆ ಕನಿಷ್ಠ ಎರಡು, ಮಹಿಳೆಯರಿಗೆ ಕನಿಷ್ಠ ಮೂರು ಸ್ಥಾನ ಇಟ್ಟಿತು. ಒಳ್ಳೆಯದೇ. ಜೊತೆಗೆ ನೋಂದಾಯಿತ ನಿವಾಸಿ ಸಂಘಗಳಿಗೂ ಕನಿಷ್ಠ ಎರಡು ಸ್ಥಾನ ಕೊಟ್ಟಿತು. ಬಾಡಿಗೆದಾರರಿಗೆಂದು ಒಂದು ಕುರ್ಚಿ ಇಡಬೇಕೆಂದು ಯಾರಿಗೂ ತೋಚಲಿಲ್ಲ. ಆ ಸಮಿತಿಗಳಾದರೂ ಸರಿಯಾಗಿ ನಡೆದವೇ? ಬೆಂಗಳೂರಿನ ಪಾಲಿಕೆಗೆ ಚುನಾವಣೆ ನಡೆದದ್ದು 2015ರಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತ. 2025ರಲ್ಲಿ ಪಾಲಿಕೆಯನ್ನು ಐದು ಹೋಳು ಮಾಡಿದರು, ಆಗಲೂ ಕೇಳಲು ಚುನಾಯಿತ ಸದಸ್ಯರಿರಲಿಲ್ಲ. ಮತ ಹಾಕಿ ಪ್ರಶ್ನೆ ಕೇಳುವ ದಾರಿ ಮುಚ್ಚಿದಾಗ ಅಧಿಕಾರಿಯ ಕೋಣೆಗೆ ಫೋನ್ ಮಾಡಿ ಹೋಗಬಲ್ಲವರೇ 'ಜನ' ಆಗುತ್ತಾರೆ.

ಇದು ಇವತ್ತಿನ ಕತೆಯಷ್ಟೇ ಅಲ್ಲ. ಬೆಂಗಳೂರಿನ ಪೇಟೆಯನ್ನೇ ನೋಡಿ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಅದು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಬಳೇಪೇಟೆ, ಅಕ್ಕಿಪೇಟೆ, ನಗರ್ತಪೇಟೆ ಎಂದು ಹೆಸರಿಗೊಂದು ಕಸುಬು, ಕಸುಬಿಗೊಂದು ಕೇರಿ. ಕೆಲಸ ಮಾಡುವ ಜಾಗವೇ ಮನೆ, ಮನೆಯ ಜಗಲಿಯೇ ಅಂಗಡಿ. 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಆ ಕೇರಿಗಳಲ್ಲಿ ಜನ ಸಾವಿರಗಟ್ಟಲೆ ಸತ್ತರು. ಆಗ ಸರ್ಕಾರದ ಮುಂದೆ ಎರಡು ದಾರಿಗಳಿದ್ದವು. ಪೇಟೆಯನ್ನೇ ಗಾಳಿ, ಬೆಳಕು, ಚರಂಡಿ ಇರುವ ಊರಾಗಿ ಮಾಡುವುದು ಒಂದು. ಅನುಕೂಲಸ್ಥರನ್ನು ಹೊರಗೆ ಕರೆದೊಯ್ದು ಹೊಸ ಊರು ಕಟ್ಟುವುದು ಇನ್ನೊಂದು. ಆರಿಸಿಕೊಂಡದ್ದು ಮುಖ್ಯವಾಗಿ ಎರಡನೆಯದನ್ನು. ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಹಾಗೆ. ನೇರ ರಸ್ತೆ, ದೊಡ್ಡ ನಿವೇಶನ, ಹಿತ್ತಲಲ್ಲಿ ತೆಂಗಿನಮರ. ನಿವೇಶನಗಳನ್ನೂ ಜಾತಿ ನೋಡಿಯೇ ಭಾಗ ಮಾಡಿದ್ದರು. ಪೇಟೆ ಇದ್ದಲ್ಲೇ ಉಳಿಯಿತು, ಹೋಗಲು ದಿಕ್ಕಿಲ್ಲದವರು ಪೇಟೆಯಲ್ಲೇ ಉಳಿದರು.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ನಗರ ಯೋಜನೆಯ ಹಣೆಬರಹ ಅದೇ. ಹಳೆಯದು ಕೆಟ್ಟರೆ ಹೊಸ ಬಡಾವಣೆ ಮಾಡು. 1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು, 1976ರಲ್ಲಿ ಬಿಡಿಎ ಬಂತು. ಹೆಸರಿನಲ್ಲಿ ಸುಧಾರಣೆ, ಅಭಿವೃದ್ಧಿ. ಕೈಯಲ್ಲಿ ಹಿಡಿದದ್ದು ಮಾತ್ರ ಊರಾಚೆಯ ರೈತರ ಜಮೀನು ಅಳೆಯುವ ಸರಪಳಿ. ಬಡವರ ಕೇರಿಗಳಿಗೆ ಬಂದ ಕಾನೂನಿನ ಹೆಸರನ್ನೇ ನೋಡಿ. 1973ರ ಕಾಯಿದೆಯ ಹೆಸರಿನಲ್ಲಿ ಕೊಳಚೆ ಪ್ರದೇಶಗಳ 'ಅಭಿವೃದ್ಧಿ'ಯ ಪಕ್ಕದಲ್ಲೇ 'ನಿರ್ಮೂಲನ' ಕೂತಿದೆ. ಅದರಡಿ ಹುಟ್ಟಿದ ಮಂಡಳಿ ಬಹಳ ಕಾಲ 'ಕೊಳಚೆ ನಿರ್ಮೂಲನಾ ಮಂಡಳಿ' ಎಂಬ ಫಲಕ ಹಾಕಿಕೊಂಡಿತ್ತು. ಆಮೇಲೆ ಫಲಕದಿಂದ 'ನಿರ್ಮೂಲನೆ' ಹೋಗಿ 'ಅಭಿವೃದ್ಧಿ' ಬಂತು. ಫಲಕದಲ್ಲಿ ಬದಲಾದದ್ದು ನೆಲದಲ್ಲಿ ಎಷ್ಟು ಬದಲಾಯಿತು ಎಂಬುದನ್ನು ಒಕ್ಕಲೆದ್ದವರು ಹೇಳಬೇಕು.

ಇಲ್ಲಿ ನಾವು ಸಾಹಿತ್ಯದವರು ಸ್ವಲ್ಪ ನಮ್ಮ ಕಡೆಯೂ ನೋಡಿಕೊಳ್ಳಬೇಕು. ಹಳೆಯ ಬೆಂಗಳೂರಿನ ನೆನಪುಗಳು ಕನ್ನಡದಲ್ಲಿ ಒಂದು ಪ್ರಕಾರವೇ ಆಗಿಹೋಗಿದೆ. ಆ ನೆನಪುಗಳಲ್ಲಿ ಮತ್ತೆ ಮತ್ತೆ ಬರುವುದು ಬಸವನಗುಡಿಯ ಕಡಲೆಕಾಯಿ ಪರಿಷೆ, ಮಲ್ಲೇಶ್ವರದ ಅಡ್ಡರಸ್ತೆಗಳು, ಹೋಟೆಲಿನ ಕಾಫಿ, ಸಂಜೆಯ ಮಳೆ. ಪೇಟೆ ಬಂದರೆ ಅದು ವಾಸನೆಯಾಗಿ, ಗದ್ದಲವಾಗಿ, ಬಣ್ಣವಾಗಿ ಬರುತ್ತದೆ. ಅಲ್ಲಿ ಬದುಕುವವರು ನೋಟದ ವಸ್ತುಗಳು, ತಮ್ಮ ಕೇರಿಯ ಬಗ್ಗೆ ತಾವೇ ತೀರ್ಮಾನ ತೆಗೆದುಕೊಳ್ಳುವವರಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಂಥ ಪುಸ್ತಕ ಬಂದಾಗಲೇ ಶ್ರೀರಾಮಪುರದಂಥ ಜಾಗ ಕನ್ನಡ ಗದ್ಯದಲ್ಲಿ ಬೇರೆ ಬಗೆಯಲ್ಲಿ ಮಾತಾಡಿದ್ದು. ಅಲ್ಲಿನ ಬಡವರು ತಮಾಷೆ ಮಾಡುತ್ತಾರೆ, ಜಗಳವಾಡುತ್ತಾರೆ, ಸಂಘಟನೆ ಕಟ್ಟುತ್ತಾರೆ. ನೆನಪಿನ ಹಂಬಲದಲ್ಲಿ ಬರೆದ ಪ್ರಬಂಧಕ್ಕೂ 'ಪಾರಂಪರಿಕ ಬೀದಿ' ಎಂದು ಬೋರ್ಡು ಹಾಕುವ ಯೋಜನೆಗೂ ನಡುವೆ ನಾವು ಅಂದುಕೊಂಡಷ್ಟು ದೂರವಿಲ್ಲ. ಎರಡಕ್ಕೂ ಹಳೆಯ ಕಂಬ, ಕಿಟಕಿ ಬೇಕು. ಆ ಕಿಟಕಿಯ ಹಿಂದೆ ಎಂಟು ಜನ ಮಲಗುವ ಕೋಣೆ ಎರಡಕ್ಕೂ ಬೇಡ.

ಆ ಕೋಣೆ ಇದೆ, ಮತ್ತು ಅದು ಅಪಾಯದಲ್ಲಿದೆ. ಪೇಟೆಯ ಮಹಡಿಗಳಲ್ಲಿ ಇವತ್ತು ಬಂಗಾಳದಿಂದ ಬಂದ ಅಕ್ಕಸಾಲಿಗರು ಚಿನ್ನ ಕಾಯಿಸುತ್ತಾ ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಕೆಳಗೆ ಗೋದಾಮು, ಮೇಲೆ ಸಂಸಾರ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐವರು ಸತ್ತರು. ಅವರಲ್ಲಿ ಒಂದೇ ಕುಟುಂಬದ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಇದ್ದರು. ಹಾಗಾಗಿ 'ಪೇಟೆ ಇದ್ದ ಹಾಗೇ ಇರಲಿ, ಮುಟ್ಟಬೇಡಿ' ಎನ್ನುವವರ ಗುಂಪಿನಲ್ಲಿ ನಾನಿಲ್ಲ. ಪೇಟೆ ಬದಲಾಗಲೇಬೇಕು. ಮೆಟ್ಟಿಲು, ತಂತಿ, ನೀರು, ಕಿಟಕಿ ಎಲ್ಲ ಸರಿಯಾಗಬೇಕು. ಸರಿಯಾದ ಮೇಲೆ ಅಲ್ಲಿ ಇರುವವರು ಯಾರು ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪೇಟೆಯಿಂದ ಕೆಲವು ಮೈಲಿ ದೂರದ ಈಜಿಪುರ ಸಾಕ್ಷಿ. ಅಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ಪಾಲಿಕೆ ಕಟ್ಟಿಸಿದ ವಸತಿ ಸಮುಚ್ಚಯವಿತ್ತು. ಕಳಪೆ ಕಟ್ಟಡಗಳು ಬಿರುಕು ಬಿಟ್ಟವು, ಕುಸಿದವು. ಜನ ಅದೇ ನೆಲದ ಮೇಲೆ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಬದುಕಿದರು. ಅಷ್ಟರಲ್ಲಿ ಸುತ್ತಲಿನ ಕೋರಮಂಗಲದ ನೆಲ ಚಿನ್ನವಾಗಿತ್ತು. ಖಾಸಗಿ ಸಹಭಾಗಿತ್ವದ ಯೋಜನೆ ಬಂತು. ಸುಮಾರು ಹದಿನೈದು ಎಕರೆಯ ಒಂದು ಭಾಗದಲ್ಲಿ ಬಡವರಿಗೆ ಮನೆ, ಉಳಿದ ಭಾಗ ವಾಣಿಜ್ಯಕ್ಕೆ. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಜೆಸಿಬಿ ಬಂದು ಶೆಡ್ಡುಗಳನ್ನು ಕೆಡವಿದವು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಎಷ್ಟೋ ಸಂಸಾರಗಳು ಅದೇ ಕಾಂಪೌಂಡಿನ ಹೊರಗೆ, ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ತಿಂಗಳುಗಟ್ಟಲೆ ಬದುಕಿದವು. ಆಗ ಕೇಳಿಬಂದ ಸಮರ್ಥನೆಯನ್ನು ಗಮನಿಸಿ. ಮನೆ ಸಿಗಬೇಕಾದದ್ದು 'ಮೂಲ ಹಂಚಿಕೆದಾರರಿಗೆ', ಇಲ್ಲಿರುವವರಲ್ಲಿ ಬಹಳಷ್ಟು ಜನ ಬಾಡಿಗೆಗೆ ಬಂದವರು, ಕೈಬದಲಾಗಿ ಕೊಂಡವರು. ಅಂದರೆ ಮತ್ತೆ ಅದೇ. ಕಾಗದದಲ್ಲಿರುವವರು ನಿವಾಸಿಗಳು, ನೆಲದ ಮೇಲಿರುವವರು ಅತಿಕ್ರಮಣಕಾರರು.

ನಮ್ಮಲ್ಲಿ ಜೀರ್ಣೋದ್ಧಾರ ಎಂಬ ಒಳ್ಳೆಯ ಪದವಿದೆ. ಹಳೆಯ ಗುಡಿಯನ್ನು ಬಿಚ್ಚಿ ಕಟ್ಟುವಾಗ ದೇವರನ್ನು ಬಾಲಾಲಯದಲ್ಲಿ ಇಡುತ್ತಾರೆ. ಅಲ್ಲಿ ದಿನದಿನದ ಪೂಜೆ ತಪ್ಪುವುದಿಲ್ಲ. ಗುಡಿ ಮುಗಿದ ದಿನ ಅದೇ ದೇವರನ್ನು ಕರೆತಂದು ಪುನಃಪ್ರತಿಷ್ಠೆ ಮಾಡುತ್ತಾರೆ. ಗುಡಿ ಎಷ್ಟೇ ಹೊಸದಾಗಲಿ, ಗರ್ಭಗುಡಿಯ ಹಕ್ಕು ಹಳೆಯ ದೇವರದೇ. ಕಲ್ಲಿನ ದೇವರಿಗೆ ನಾವು ಕೊಡುವ ಈ ಖಾತ್ರಿಯನ್ನು ಉಸಿರಾಡುವ ಜನಕ್ಕೆ ಕೊಡುವುದಿಲ್ಲ. ನಗರದ ಜೀರ್ಣೋದ್ಧಾರದಲ್ಲಿ ತಗಡಿನ ಶೆಡ್ಡೇ ಬಾಲಾಲಯ. ಪುನಃಪ್ರತಿಷ್ಠೆಯ ದಿನ ಮಾತ್ರ ಬರುವುದೇ ಇಲ್ಲ.

ಹಾಗಾದರೆ ನಿವಾಸಿಗಳೇ ಮುಂದೆ ನಿಂತು ತಮ್ಮ ಬಡಾವಣೆಯನ್ನು ಎತ್ತಿ ನಿಲ್ಲಿಸಿದ ಉದಾಹರಣೆ ಇಲ್ಲವೇ? ಇವೆ. ಆದರೆ ಅವುಗಳ ಕತೆಯನ್ನು ನಮಗೆ ಅರ್ಧ ಮಾತ್ರ ಹೇಳಲಾಗುತ್ತದೆ.

ಸೆಮಿನಾರುಗಳಲ್ಲಿ ಹೆಚ್ಚು ಕೇಳಿಬರುವುದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗ್ರ್ಯಾನ್‌ಬಿಯ ಕತೆ. ಟಾಕ್ಸ್‌ಟೆತ್ ಎಂಬ ಭಾಗದ ನಾಲ್ಕು ಬೀದಿಗಳು. ಕಪ್ಪು ಜನ ತಲೆಮಾರುಗಳಿಂದ ಬದುಕಿದ ಜಾಗ. 1981ರ ಗಲಭೆಯ ನಂತರ ನಗರಾಡಳಿತ ಆ ಭಾಗವನ್ನು ಹೆಚ್ಚುಕಡಿಮೆ ಕೈಬಿಟ್ಟಿತು. ಮನೆಗಳನ್ನು ಕೊಂಡು, ಕಿಟಕಿಗೆ ತಗಡು ಬಡಿದು, ಕೆಡವಲು ಕಾದಿತು. ಉಳಿದ ಕೆಲವೇ ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರು, ಬೀದಿ ಗುಡಿಸಿದರು, ಕುಂಡಗಳಲ್ಲಿ ಗಿಡ ನೆಟ್ಟರು, ಮುಚ್ಚಿದ ಕಿಟಕಿಗಳ ಮೇಲೆ ಚಿತ್ರ ಬರೆದರು, ತಿಂಗಳಿಗೊಂದು ಸಂತೆ ನಡೆಸಿದರು. ಮುಂದೆ 'ಅಸೆಂಬಲ್' ಎಂಬ ಯುವ ವಾಸ್ತುಶಿಲ್ಪಿಗಳ ಗುಂಪು ಅವರ ಜೊತೆ ಸೇರಿ ಹತ್ತು ಮನೆಗಳನ್ನು ಸರಿಪಡಿಸಿತು. 2015ರಲ್ಲಿ ಆ ಕೆಲಸಕ್ಕಾಗಿ ಅಸೆಂಬಲ್‌ಗೆ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಬಂತು.

ನಮ್ಮಲ್ಲಿ ಹೇಳುವ ಕತೆ ಇಲ್ಲಿಗೆ ನಿಲ್ಲುತ್ತದೆ. ಗಿಡ, ಬಣ್ಣ, ಸಂತೆ, ಪ್ರಶಸ್ತಿ. ಉಳಿದ ಅರ್ಧ ಇಲ್ಲಿದೆ. 2011ರಲ್ಲಿ ಆ ನಿವಾಸಿಗಳು ಒಂದು ಸಮುದಾಯ ಭೂ ಟ್ರಸ್ಟ್ ಕಟ್ಟಿಕೊಂಡರು. ಆ ಹತ್ತು ಮನೆಗಳು ನಗರಾಡಳಿತದಿಂದ ಟ್ರಸ್ಟಿನ ಕೈಗೆ ಬಂದವು. ಕೆಲವನ್ನು ಕೈಗೆಟುಕುವ ಬಾಡಿಗೆಗೆ ಕೊಟ್ಟರು. ಮಾರಿದ ಮನೆಗಳ ಬೆಲೆಯನ್ನು ಸ್ಥಳೀಯರ ಸಂಪಾದನೆಗೆ ಕಟ್ಟಿಹಾಕಿದರು. ಮರುಮಾರಾಟ ಮಾಡುವಾಗಲೂ ಆ ಕಟ್ಟು ಬಿಚ್ಚುವಂತಿಲ್ಲ. ಬೀದಿಗೆ ಪ್ರಶಸ್ತಿ ಬಂದರೂ ಆ ಮನೆಗಳ ಬೆಲೆ ಹಾರಿಹೋಗದಂತೆ ತಡೆದದ್ದು ಈ ಕಟ್ಟು. ಕುಂಡದಲ್ಲಿ ಗಿಡ ನೆಟ್ಟವರು ನೆಲವನ್ನೂ ಹಿಡಿದುಕೊಂಡರು, ಅದಕ್ಕೇ ಅಲ್ಲಿ ಉಳಿದರು.

ಅಮೆರಿಕದ ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ಇನ್ನೂ ಖಾರವಾದ ಪಾಠ. ಬಡ ಕಪ್ಪು, ಲ್ಯಾಟಿನೋ ಮತ್ತು ಕೇಪ್ ವರ್ಡಿಯನ್ ಜನರ ಪ್ರದೇಶ. ವಿಮೆಯ ದುಡ್ಡಿಗಾಗಿ ಮಾಲೀಕರೇ ಬೆಂಕಿ ಹಚ್ಚಿದ ಮನೆಗಳು, ಬೇರೆ ಕಡೆಯವರು ಕಸ ತಂದು ಸುರಿದ ಖಾಲಿ ನಿವೇಶನಗಳು. 1984ರಲ್ಲಿ ಹೊರಗಿನ ದಾನಿ ಸಂಸ್ಥೆಯೊಂದು ನೆರವಿಗೆ ಬಂದು ಆಡಳಿತ ಮಂಡಳಿಯ ಪಟ್ಟಿ ಮುಂದಿಟ್ಟಿತು. ಅದರಲ್ಲಿ ನಿವಾಸಿಗಳು ಬೆರಳೆಣಿಕೆಯಷ್ಟು. ಸಭೆಯಲ್ಲಿ ಜನ ಎದ್ದು, ಇಲ್ಲಿ ಬದುಕುವವರು ನಾವು, ತೀರ್ಮಾನ ಮಾಡಲು ನೀವ್ಯಾರು ಎಂದು ಕೇಳಿದರು. ಮಂಡಳಿಯನ್ನು ಮತ್ತೆ ರಚಿಸಬೇಕಾಯಿತು, ನಿವಾಸಿಗಳಿಗೆ ಬಹುಮತ ಬಂತು, ಪ್ರತಿ ಜನಾಂಗಕ್ಕೂ ಸಮಾನ ಸ್ಥಾನ ನಿಗದಿಯಾಯಿತು. 1988ರಲ್ಲಿ ಅವರು ನಗರದಿಂದ ಪಡೆದದ್ದು ಯಾರೂ ಊಹಿಸದ ಅಧಿಕಾರ. ಆ ಪ್ರದೇಶದ ಖಾಲಿ ಖಾಸಗಿ ನಿವೇಶನಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರ. ಅಂದರೆ ಭೂಸ್ವಾಧೀನ. ನಮ್ಮಲ್ಲಿ ಭೂಸ್ವಾಧೀನ ಎಂದರೆ ರೈತನ, ಬಡವನ ನೆಲವನ್ನು ಮೇಲಿನವರು ತೆಗೆದುಕೊಳ್ಳುವುದು. ಅಲ್ಲಿ ಬಡವರು ಅದನ್ನು ನೆಲ ಹಿಡಿದಿಟ್ಟು ಪತ್ತೆಯಿಲ್ಲದ ಮಾಲೀಕರ ಮೇಲೆ ಬಳಸಿದರು. ಆ ನೆಲವೂ ಭೂ ಟ್ರಸ್ಟಿನಲ್ಲಿ ನಿಂತಿತು, ಮಾರುಕಟ್ಟೆಗೆ ಹೋಗಲಿಲ್ಲ.

'ಅದೆಲ್ಲ ಬಿಳಿಯರ ದೇಶದ ಕತೆ, ನಮ್ಮಲ್ಲಿ ನಡೆಯುವುದಿಲ್ಲ' ಎನ್ನುವವರಿಗೆ ಎರಡು ಮಾತು. ಅಮೆರಿಕದಲ್ಲಿ ಈ ಬಗೆಯ ಭೂ ಟ್ರಸ್ಟ್ ಮೊದಲು ಹುಟ್ಟಿದ್ದು 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ, ನಾಗರಿಕ ಹಕ್ಕುಗಳ ಹೋರಾಟದಲ್ಲಿದ್ದ ಕಪ್ಪು ರೈತರ ನಡುವೆ. ಅದನ್ನು ರೂಪಿಸಿದವರಿಗೆ ಪ್ರೇರಣೆ ಕೊಟ್ಟವುಗಳಲ್ಲಿ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ಊರಿನ ನೆಲ ಊರಿನದಾಗಿಯೇ ಇರಲಿ, ಉಳುವವರು ಉಳುತ್ತಿರಲಿ ಎಂಬ ಆ ಯೋಚನೆ ನಮ್ಮಲ್ಲಿ ಒಣಗಿತು, ಸಮುದ್ರ ದಾಟಿ ಬೇರೆ ಕಡೆ ಚಿಗುರಿತು.

ಎರಡನೆಯದು ಅಹಮದಾಬಾದ್. 1990ರ ದಶಕದಲ್ಲಿ ಅಲ್ಲಿನ ಪಾಲಿಕೆ 'ಪರಿವರ್ತನ್' ಎಂಬ ಯೋಜನೆ ತಂದಿತು. ಕೊಳಗೇರಿಯ ಪ್ರತಿ ಕುಟುಂಬ 2,000 ರೂಪಾಯಿ ಹಾಕಬೇಕು, ಪ್ರತಿಯಾಗಿ ಮನೆಮನೆಗೆ ನೀರು, ಶೌಚಾಲಯ, ಒಳಚರಂಡಿ, ಕಲ್ಲು ಹಾಸಿದ ಓಣಿ. ಸೇವಾ ಸಂಘಟನೆಯ ಬ್ಯಾಂಕು ಮತ್ತು ಮಹಿಳಾ ಹೌಸಿಂಗ್ ಟ್ರಸ್ಟ್ ಜೊತೆ ನಿಂತವು. ದಿನಗೂಲಿ ಹೆಂಗಸರು ಆ ಕಾಲಕ್ಕೆ ದೊಡ್ಡದಾದ ಆ ದುಡ್ಡನ್ನು ಉಳಿಸಿ ಕಟ್ಟಿದ್ದರ ಹಿಂದೆ ಒಂದು ಕಾಗದವಿತ್ತು. ಹತ್ತು ವರ್ಷ ನಿಮ್ಮನ್ನು ಇಲ್ಲಿಂದ ಎಬ್ಬಿಸುವುದಿಲ್ಲ ಎಂದು ಪಾಲಿಕೆ ಬರೆದುಕೊಟ್ಟಿತ್ತು. ಹತ್ತು ವರ್ಷ ಎಂದರೆ ಶಾಶ್ವತವೇನಲ್ಲ. ಆದರೂ ಅಷ್ಟು ಭರವಸೆ ಸಿಕ್ಕರೆ ಸಾಕು, ಜನ ತಮ್ಮ ಗೋಡೆಗೆ ತಾವೇ ಸಿಮೆಂಟು ಮೆತ್ತುತ್ತಾರೆ. ಅದೇ ಅಹಮದಾಬಾದು ಮುಂದೆ ಸಾಬರಮತಿಯ ದಂಡೆಯನ್ನು ಸುಂದರಗೊಳಿಸುವಾಗ ಸಾವಿರಾರು ಕುಟುಂಬಗಳನ್ನು ನದಿಯಿಂದ ದೂರ ಸಾಗಿಸಿತು. ಒಂದೇ ಊರು, ಒಂದೇ ಪಾಲಿಕೆ. ಕಾಗದ ಇದ್ದಲ್ಲಿ ಓಣಿ ಬೆಳೆಯಿತು, ಇಲ್ಲದಲ್ಲಿ ಜನ ಹೋದರು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು: ಬಾಡಿಗೆದಾರರು ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ, ಬಡಾವಣೆಯ ಭವಿಷ್ಯದ ಮೇಲೆ ಅವರಿಗೇನು ಕಾಳಜಿ? ಬೆಂಗಳೂರಿನ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಯಾಕೆ ಇರುತ್ತದೆ ಎಂದು ಕೇಳಿ ನೋಡಿ. ಒಂದು ವರ್ಷ ಮೀರಿದರೆ ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು ಎಂಬುದು 1908ರ ನೋಂದಣಿ ಕಾಯಿದೆ. ಅದನ್ನು ತಪ್ಪಿಸಲು ಹನ್ನೊಂದು. ಒಬ್ಬರನ್ನು ಹನ್ನೊಂದು ತಿಂಗಳ ಅಂಚಿನಲ್ಲಿ ನಿಲ್ಲಿಸಿ, ಆಮೇಲೆ 'ನೀವು ಇಲ್ಲಿ ನಿಲ್ಲುವವರಲ್ಲ' ಎನ್ನುವುದು ಯಾವ ನ್ಯಾಯ? ತೆರಿಗೆ ಕಟ್ಟುವವರು ನಾವು ಎಂಬ ಮಾತೂ ಹಾಗೆಯೇ. ಮಾಲೀಕರು ಕಟ್ಟುವ ಆಸ್ತಿ ತೆರಿಗೆಯ ದುಡ್ಡು ಬಾಡಿಗೆಯಿಂದಲೇ ಬರುವ ಮನೆಗಳು ಈ ಊರಿನಲ್ಲಿ ಎಷ್ಟಿಲ್ಲ?

ಎರಡನೆಯದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ: ನಿವಾಸಿಗಳ ಕೈಗೆ ಅಧಿಕಾರ ಕೊಟ್ಟರೆ ಅವರು ಒಳ್ಳೆಯವರಾಗಿಯೇ ಇರುತ್ತಾರೆಂದು ಏನು ಗ್ಯಾರಂಟಿ? 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಹಾಕುವವರೂ ನಿವಾಸಿಗಳೇ, ಹೆಸರು ಕೇಳಿ ಬಾಗಿಲು ಮುಚ್ಚುವವರೂ ನಿವಾಸಿಗಳೇ. ನಿಜ. ನೆರೆಹೊರೆ ಎಂಬುದು ತಾನಾಗಿಯೇ ಪವಿತ್ರವಲ್ಲ, ನಮ್ಮ ಕೇರಿಗಳಿಗೆ ಜಾತಿಯ ಬೇಲಿ ಇದ್ದದ್ದು ನೆರೆಹೊರೆಯ ಒಪ್ಪಿಗೆಯಿಂದಲೇ. ಅದಕ್ಕೇ ಡಡ್ಲಿ ಸ್ಟ್ರೀಟಿನವರು ಪ್ರೀತಿ ವಿಶ್ವಾಸವನ್ನು ನಂಬಿ ಕೂರದೆ ಪ್ರತಿ ಸಮುದಾಯಕ್ಕೂ ಕುರ್ಚಿ ಬರೆದಿಟ್ಟರು. ನಮ್ಮಲ್ಲೂ ಮೇಲ್ಪಂಕ್ತಿ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಅಧಿಕಾರಿಗಳು ಎಷ್ಟೇ ಎಳೆದಾಡಲಿ, ತಳ್ಳುಗಾಡಿಯವರು ಸಮಿತಿಯಲ್ಲಿ ಕೂರಬೇಕೆಂದು ಸಂಸತ್ತು ಒಪ್ಪಿದೆಯಲ್ಲ.

ಮೂರನೆಯದು: ಏನೂ ಮಾಡದೆ ಟೀಕಿಸುವುದಕ್ಕಿಂತ ಕಸದ ಮೂಲೆಯನ್ನಾದರೂ ಸ್ವಚ್ಛ ಮಾಡುವುದು ಮೇಲಲ್ಲವೇ? ಮೇಲು. ಬೆಂಗಳೂರಿನ 'ದಿ ಅಗ್ಲಿ ಇಂಡಿಯನ್' ಗುಂಪು 2010ರಿಂದ ಎಷ್ಟೋ ಮೂಲೆಗಳ ಕಸ ತೆಗೆದು ಬಣ್ಣ ಬಳಿದಿದೆ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದರ ಘೋಷವಾಕ್ಯ ನನ್ನನ್ನು ಕಾಡುತ್ತದೆ: 'ಕಾಮ್ ಚಾಲೂ, ಮೂಹ್ ಬಂದ್'. ಕೆಲಸ ಶುರು, ಬಾಯಿ ಬಂದ್. ಭಾಷಣ ಕೇಳಿ ಸುಸ್ತಾದವರಿಗೆ ಇದು ಹಿತ. ಆದರೆ ಬಾಯಿ ಬಂದ್ ಮಾಡಿಕೊಂಡು ಕೆಲಸ ಮಾಡಬೇಕಾದ ಸ್ಥಿತಿಯಲ್ಲಿ ಪೌರಕಾರ್ಮಿಕರು ಈ ಊರು ಹುಟ್ಟಿದಾಗಿನಿಂದ ಇದ್ದಾರೆ. ಅವರಿಗೆ ಬೇಕಾಗಿರುವುದು ಬಾಯಿ ತೆರೆಯುವ ಜಾಗ. ಅದೇ ಬೆಂಗಳೂರಿನಲ್ಲಿ ಉಕ್ಕಿನ ಮೇಲುಸೇತುವೆ ಬೇಡವೆಂದು 2016ರಲ್ಲಿ ಜನ ರಸ್ತೆಗಿಳಿದು ಕೂಗಿದರು, 2017ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬಾಯಿ ತೆರೆದರೆ ಕೆಲಸ ಕೆಡುತ್ತದೆ ಎಂದು ಯಾರು ಹೇಳಿದರು? ಮರಕ್ಕಾಗಿ ಅಂದು ತೆರೆದ ಬಾಯಿ ಈಜಿಪುರದ ಮನುಷ್ಯರಿಗಾಗಿ ಅಷ್ಟೇ ಜೋರಾಗಿ ತೆರೆಯಲಿಲ್ಲ ಎಂಬುದಷ್ಟೇ ನನ್ನ ಸಂಕಟ.

ನಾನು ಕೇಳುತ್ತಿರುವುದು ಕನಸಿನ ನಗರವನ್ನಲ್ಲ. ವಾರ್ಡ್ ಸಮಿತಿಯಲ್ಲಿ ಬಾಡಿಗೆದಾರರಿಗೆ, ಆ ವಾರ್ಡಿನಲ್ಲಿ ದುಡಿಯುವ ಪೌರಕಾರ್ಮಿಕರಿಗೆ, ಬೀದಿ ವ್ಯಾಪಾರಿಗಳಿಗೆ ಬರೆದಿಟ್ಟ ಸ್ಥಾನ ಇರಲಿ. ಸಮಿತಿಯ ಮೇಲೆ ಚುನಾಯಿತ ಸದಸ್ಯರು ಇರಲಿ, ಚುನಾವಣೆ ಅವಧಿಗೆ ಸರಿಯಾಗಿ ನಡೆಯಲಿ. ಹಳೆಯ ಬಡಾವಣೆಯಲ್ಲಿ ಯಾವ ಕಾಮಗಾರಿ ಶುರುವಾಗುವ ಮೊದಲೂ ಅಲ್ಲಿ ವಾಸವಿರುವವರ ಪಟ್ಟಿ ತಯಾರಾಗಲಿ, ಮಾಲೀಕರದಷ್ಟೇ ಅಲ್ಲ. ಆ ಪಟ್ಟಿಯಲ್ಲಿರುವವರನ್ನು ಎಬ್ಬಿಸುವುದಿಲ್ಲ, ತಾತ್ಕಾಲಿಕವಾಗಿ ಎಬ್ಬಿಸಿದರೆ ಅದೇ ಜಾಗಕ್ಕೆ ಅದೇ ಬಾಡಿಗೆಗೆ ವಾಪಸು ಕರೆತರುತ್ತೇವೆ ಎಂದು ಕೆಲಸಕ್ಕೆ ಮೊದಲೇ ಕಾಗದದ ಮೇಲೆ ಬರಲಿ. ನಗರದೊಳಗಿನ ಸಾರ್ವಜನಿಕ ನೆಲವನ್ನು ಮಾರುವುದು, ಮಾಲಿಗೆ ಬರೆದುಕೊಡುವುದು ನಿಲ್ಲಲಿ. ಅಲ್ಲಿ ವಾಸಿಸುವವರ ಟ್ರಸ್ಟಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡುವ ಪ್ರಯೋಗ ಒಂದೇ ಒಂದು ಕೇರಿಯಲ್ಲಾದರೂ ಆಗಲಿ. ಒಡಿಶಾ 2017ರಲ್ಲಿ ಕೊಳಗೇರಿ ನಿವಾಸಿಗಳಿಗೆ ಭೂಹಕ್ಕಿನ ಕಾಯಿದೆ ತಂದು ಸಣ್ಣ ಪಟ್ಟಣಗಳಿಂದ ಶುರುಮಾಡಿತು. ಮಕ್ಕಳಿಗೆ ಹೋಗುವ, ಮಾರಲಾಗದ ಹಕ್ಕು ಅದು. ನಮಗಿಂತ ಬಡ ರಾಜ್ಯಕ್ಕೆ ಆದದ್ದು ಕರ್ನಾಟಕಕ್ಕೆ ಯಾಕೆ ಆಗುವುದಿಲ್ಲ?

ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ನನ್ನ ಹಾಗೆ ಹತ್ತು ತಿಂಗಳ ಅಡ್ವಾನ್ಸು ಹೊಂದಿಸಲು ಪರದಾಡಿದವರು, ಹಾಸ್ಟೆಲು, ಪಿಜಿ, ಸಣ್ಣ ಕೋಣೆಗಳಲ್ಲಿ ಇರುವವರು. ಅಂದರೆ ಸಭೆಯ ಲೆಕ್ಕದಲ್ಲಿ ನೀವೂ ನಿವಾಸಿಗಳಲ್ಲ. ಮುಂದಿನ ಸಲ ನಿಮ್ಮ ಬೀದಿಯ ಗೋಡೆಗೆ ಬಣ್ಣ ಬಳಿಯಲು ಯಾರಾದರೂ ಕರೆದರೆ ಖಂಡಿತ ಹೋಗಿ. ಕುಂಚ ಕೈಗೆ ತೆಗೆದುಕೊಳ್ಳುವ ಮೊದಲು ಮೂರೇ ಪ್ರಶ್ನೆ ಕೇಳಿ. ಈ ಗೋಡೆಯ ಹಿಂದಿನ ನೆಲ ಯಾರದು? ಈ ಬೀದಿಯಲ್ಲಿ ಬಾಡಿಗೆಗಿರುವವರಿಗೂ ಗಾಡಿ ಇಟ್ಟವರಿಗೂ ನಿಮ್ಮ ಸಭೆಯಲ್ಲಿ ಮತ ಇದೆಯೇ? ಐದು ವರ್ಷದ ನಂತರವೂ ಅವರು ಇಲ್ಲೇ ಇರುತ್ತಾರೆಂದು ಯಾರಾದರೂ ಬರೆದುಕೊಟ್ಟಿದ್ದಾರೆಯೇ? ಉತ್ತರ ಸಿಕ್ಕರೆ ಬಣ್ಣ ಬಳಿಯಿರಿ. ಸಿಗದಿದ್ದರೆ ಕುಂಚವನ್ನು ಕೆಳಗಿಟ್ಟು ಆ ಪ್ರಶ್ನೆಗಳನ್ನೇ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ.